ಕಾರಿನ ಸ್ಟೀರಿಯೋಗೆ ಒಂದಕ್ಕಿಂತ ಹೆಚ್ಚು ಆಡಿಯೋ ಮೂಲಗಳ ಜೋಡಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿ, ಕೊಪ್ಪಳ, ರಾಯಚೂರು ಜಿಲ್ಲೆಗಳ ವಾಹನ ಮಾಲೀಕರು, ಲಾರಿ ಚಾಲಕರು ಮತ್ತು ವೈರಿಂಗ್ ಕೆಲಸ ಕಲಿಯುತ್ತಿರುವ ಹುಡುಗರು ಎದುರು ಸಿಕ್ಕಾಗಲೂ ಬರೆದು ಕಳಿಸಿದಾಗಲೂ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಆದಷ್ಟೂ ಅವರದೇ ಮಾತಿನಲ್ಲಿ ಇಲ್ಲಿ ಕೊಡಲಾಗಿದೆ. ಸುಲಭದ ಪ್ರಶ್ನೆಗಳು ಮೊದಲು ಬರುತ್ತವೆ, ಕೈಯಲ್ಲಿ ಬೆಸುಗೆ ಕಡ್ಡಿ ಹಿಡಿಯಬೇಕಾದವು ಆಮೇಲೆ. ಪ್ರತಿ ಉತ್ತರವನ್ನೂ ಬಿಡಿಯಾಗಿ ಓದಿಕೊಳ್ಳಬಹುದು.

## ಮೊದಲು ತಿಳಿದಿರಬೇಕಾದದ್ದು

ನಮ್ಮ ಕಾರಿನ ಸ್ಟೀರಿಯೋಗೆ ಏನೇನು ಹಚ್ಚಬಹುದು ಅಂತ ಹೆಂಗ ಗೊತ್ತಾಗ್ತದ್ರಿ?

ಮುಂಭಾಗದಲ್ಲಿ ಕಾಣುವ ಯುಎಸ್‌ಬಿ ಕಿಂಡಿ ಮತ್ತು 3.5 ಮಿ.ಮೀ. ಆಕ್ಸ್ ರಂಧ್ರ (ಫೋನಿನಂಥ ಹೊರಗಿನ ಸಾಧನದ ಧ್ವನಿಯನ್ನು ತಂತಿಯಲ್ಲಿ ಒಳತರುವ ಕಿಂಡಿ) ಇವಷ್ಟೇ ಸ್ಟೀರಿಯೋದ ಎಲ್ಲ ದಾರಿಗಳಲ್ಲ. ಯಂತ್ರವನ್ನು ಹೊರಗೆಳೆದರೆ ಹಿಂಭಾಗದಲ್ಲಿ ಆಂಟೆನಾ ರಂಧ್ರ, ವಿದ್ಯುತ್ ಮತ್ತು ಸ್ಪೀಕರ್ ಕನೆಕ್ಟರ್, ಮತ್ತು ಅನೇಕ ಮಾದರಿಗಳಲ್ಲಿ ಕೆಂಪು ಬಿಳಿ ಬಣ್ಣದ, ಆಡಿಯೋ ತಂತಿ ಸಿಕ್ಕಿಸುವ ಆರ್‌ಸಿಎ ಎಂಬ ದುಂಡು ರಂಧ್ರಗಳ ಜೋಡಿಗಳು ಸಿಗುತ್ತವೆ. ಕೆಂಪು ಬಲ ಬದಿಯದು, ಬಿಳಿ ಎಡ ಬದಿಯದು. ಈ ಜೋಡಿಗಳಲ್ಲಿ ಕೆಲವು ಒಳಬರುವ ದಾರಿಗಳು, ಕೆಲವು ಆಂಪ್ಲಿಫೈಯರ್‌ಗೆ ಹೋಗುವ ಹೊರದಾರಿಗಳು. ಹೊರದಾರಿಗೆ ಫೋನು ಜೋಡಿಸಿ ಶಬ್ದ ಬರುತ್ತಿಲ್ಲವೆಂದು ಸ್ಟೀರಿಯೋ ಬದಲಿಸಲು ಹೊರಟವರು ಇದ್ದಾರೆ, ಆದ್ದರಿಂದ ಮುದ್ರಿಸಿದ ಅಕ್ಷರಗಳನ್ನು ಓದಿಯೇ ಪಿನ್ ಹಾಕಬೇಕು. ಮುಂದಿನ ಸೋರ್ಸ್ ಗುಂಡಿಯನ್ನು ಒತ್ತುತ್ತ ಹೋದಾಗ ಪರದೆಯ ಮೇಲೆ ಬರುವ ಹೆಸರುಗಳೇ ನಿಮ್ಮ ಯಂತ್ರ ಒಪ್ಪುವ ಮೂಲಗಳ ಪಟ್ಟಿ. ಕೆಲವು ಯಂತ್ರಗಳಲ್ಲಿ ಆಕ್ಸ್ ಎಂಬುದನ್ನು ಸೆಟ್ಟಿಂಗ್ಸ್‌ನಲ್ಲಿ ಚಾಲೂ ಮಾಡುವವರೆಗೆ ಅದು ಆ ಪಟ್ಟಿಯಲ್ಲಿ ಕಾಣಿಸುವುದೇ ಇಲ್ಲ.

ಬ್ಲೂಟೂತ್, ಪೆನ್‌ಡ್ರೈವ್, ಆಕ್ಸ್ ವೈರು, ಇವುಗಳಲ್ಲಿ ಶಬ್ದ ಚಲೋ ಬರೋದು ಯಾವುದರಾಗ?

ಪೆನ್‌ಡ್ರೈವ್‌ನಲ್ಲಿ ಹಾಡು ಅಂಕಿಗಳ ರೂಪದಲ್ಲಿಯೇ ಸ್ಟೀರಿಯೋದೊಳಗೆ ಹೋಗಿ ಅಲ್ಲಿಯೇ ಧ್ವನಿಯಾಗಿ ಬದಲಾಗುತ್ತದೆ; ದಾರಿಯಲ್ಲಿ ಗದ್ದಲ ಸೇರಲು ಅವಕಾಶವಿಲ್ಲ. ಬ್ಲೂಟೂತ್‌ನಲ್ಲಿ ಫೋನು ಹಾಡನ್ನು ಮತ್ತೊಮ್ಮೆ ಕುಗ್ಗಿಸಿ ಕಳುಹಿಸುತ್ತದೆ. ಆಕ್ಸ್ ತಂತಿಯಲ್ಲಿ ಫೋನಿನೊಳಗೇ ಧ್ವನಿಯಾದ ಸಂಕೇತ ತೆಳುವಾದ ತಂತಿಯ ಮೇಲೆ ಬರುವುದರಿಂದ ಚಾರ್ಜರ್ ಮತ್ತು ಆಲ್ಟರ್ನೇಟರ್ (ಇಂಜಿನ್ ತಿರುಗಿಸುವ, ಬ್ಯಾಟರಿಗೆ ವಿದ್ಯುತ್ ಕೊಡುವ ಯಂತ್ರ) ಗದ್ದಲಕ್ಕೆ ಅದೇ ಹೆಚ್ಚು ಈಡಾಗುತ್ತದೆ. ಆದರೂ ಹೊಸಪೇಟೆಯಿಂದ ಕುಷ್ಟಗಿಯ ಕಡೆಗೆ ಹೆದ್ದಾರಿಯಲ್ಲಿ ಓಡುವಾಗ ಟಯರು ಮತ್ತು ಗಾಳಿಯ ಸದ್ದಿನಲ್ಲಿ ಈ ಮೂರರ ಅಂತರವನ್ನು ಕಿವಿ ಗುರುತಿಸುವುದು ಕಷ್ಟ. ಉದ್ದ ಪ್ರಯಾಣಕ್ಕೆ ಪೆನ್‌ಡ್ರೈವ್, ಕರೆಗಳಿಗೆ ಬ್ಲೂಟೂತ್, ಬೇರೆ ದಾರಿಯಿಲ್ಲದ ಸಾಧನಕ್ಕೆ ಆಕ್ಸ್ ಎಂದು ಹಂಚಿಕೊಂಡರೆ ಬಹುಪಾಲು ಕಾರುಗಳಲ್ಲಿ ಹೆಚ್ಚುವರಿ ತಂತಿಯ ಅಗತ್ಯವೇ ಬೀಳುವುದಿಲ್ಲ.

64 ಜಿಬಿ ಪೆನ್‌ಡ್ರೈವ್ ಓದೋದೇ ಇಲ್ಲ, 16 ಜಿಬಿಯದು ಓದ್ತದ. ಕೆಟ್ಟೈತೇನು?

ಕೆಟ್ಟಿಲ್ಲ. ದೊಡ್ಡ ಪೆನ್‌ಡ್ರೈವ್‌ಗಳು ಸಾಮಾನ್ಯವಾಗಿ ಎಕ್ಸ್‌ಫ್ಯಾಟ್ ಎಂಬ ಫೈಲ್ ಜೋಡಣೆಯ ವಿನ್ಯಾಸದಲ್ಲಿ ಬರುತ್ತವೆ, ಆದರೆ ಬಹಳಷ್ಟು ಸ್ಟೀರಿಯೋಗಳಿಗೆ ಫ್ಯಾಟ್32 ಮಾತ್ರ ಅರ್ಥವಾಗುತ್ತದೆ. ಒಳಗಿರುವುದನ್ನು ಕಂಪ್ಯೂಟರಿಗೆ ನಕಲು ಮಾಡಿಟ್ಟುಕೊಂಡು ಫ್ಯಾಟ್32ಕ್ಕೆ ಫಾರ್ಮ್ಯಾಟ್ ಮಾಡಬೇಕು. ಹಾಡುಗಳ ಕ್ರಮ ತಪ್ಪುತ್ತದೆ ಎಂಬ ದೂರಿಗೂ ಪರಿಹಾರ ಸರಳವಾಗಿದೆ: ಅನೇಕ ಯಂತ್ರಗಳು ಹೆಸರಿನ ಕ್ರಮವನ್ನು ನೋಡದೆ ನಕಲು ಮಾಡಿದ ಕ್ರಮದಲ್ಲಿ ನುಡಿಸುವುದರಿಂದ, 01, 02 ಎಂದು ಹೆಸರಿಟ್ಟು ಅದೇ ಸರದಿಯಲ್ಲಿ ನಕಲು ಮಾಡಿರಿ. ಕನ್ನಡ ಅಕ್ಷರದ ಹೆಸರುಗಳು ಹಳೆಯ ಪರದೆಗಳಲ್ಲಿ ಚೌಕುಳಿಗಳಾಗಿ ಕಾಣುತ್ತವೆ, ಆದರೆ ನುಡಿಸುವುದಕ್ಕೆ ತೊಂದರೆಯಿಲ್ಲ.

ನನ್ನ ಫೋನು, ಮನೆಯವರ ಫೋನು ಎರಡೂ ಒಟ್ಟಿಗೆ ಬ್ಲೂಟೂತಿನಲ್ಲಿ ಇರಬಹುದಾ?

ಪರಿಚಯ ಮಾಡಿಕೊಂಡು ನೆನಪಿನಲ್ಲಿಟ್ಟುಕೊಳ್ಳುವುದು ಒಂದು, ಏಕಕಾಲಕ್ಕೆ ಸಂಪರ್ಕದಲ್ಲಿರುವುದು ಇನ್ನೊಂದು. ಹೆಚ್ಚಿನ ಸ್ಟೀರಿಯೋಗಳು ಹಲವು ಫೋನುಗಳನ್ನು ನೆನಪಿಟ್ಟುಕೊಳ್ಳುತ್ತವೆ. ಕೆಲವು ಯಂತ್ರಗಳು ಕರೆಗಾಗಿ ಎರಡು ಫೋನುಗಳನ್ನು ಒಟ್ಟಿಗೆ ಹಿಡಿದಿಡುತ್ತವೆ, ಆದರೆ ಹಾಡು ಒಂದು ಸಮಯಕ್ಕೆ ಒಂದೇ ಫೋನಿನಿಂದ ಬರುತ್ತದೆ. ನಿಮ್ಮ ಯಂತ್ರ ಒಂದನ್ನೇ ಹಿಡಿಯುವಂಥದ್ದಾದರೆ ಆಕ್ಸ್‌ಗೆ ಹಾಕುವ ಚಿಕ್ಕ ಬ್ಲೂಟೂತ್ ರಿಸೀವರ್ ಒಂದನ್ನು ಇಟ್ಟು ಎರಡನೆಯ ಫೋನನ್ನು ಅದಕ್ಕೆ ಜೋಡಿಸಬಹುದು. ಆಗ ಸೋರ್ಸ್ ಗುಂಡಿಯೇ ಎರಡು ಫೋನುಗಳ ನಡುವಿನ ಸ್ವಿಚ್ ಆಗುತ್ತದೆ. ಹಿಂದಿನ ಸೀಟಿನ ಮಕ್ಕಳು ಟ್ಯಾಬ್ಲೆಟ್‌ನಲ್ಲಿ ಚಿತ್ರ ನೋಡುವುದಿದ್ದರೆ ಮಾತ್ರ ತಂತಿಯನ್ನೇ ಬಳಸಿರಿ, ಏಕೆಂದರೆ ಬ್ಲೂಟೂತ್‌ನಲ್ಲಿ ಧ್ವನಿ ತುಸು ತಡವಾಗಿ ಬಂದು ತುಟಿಯ ಚಲನೆಗೂ ಮಾತಿಗೂ ಹೊಂದಿಕೆ ತಪ್ಪುತ್ತದೆ.

ಹಳೇ ಗಾಡಿ, ಕ್ಯಾಸೆಟ್ ಪ್ಲೇಯರ್ ಅಷ್ಟೇ ಐತೆ. ಅಪ್ಪನ ಬಯಲಾಟದ ಕ್ಯಾಸೆಟ್ಟೂ ಕೇಳಬೇಕು, ಫೋನೂ ಹಚ್ಚಬೇಕು.

ಇಂಥ ಯಂತ್ರವನ್ನು ಕಿತ್ತೆಸೆಯಬೇಡಿ. ಫೋನನ್ನು ಅದಕ್ಕೆ ಸೇರಿಸಲು ಮೂರು ದಾರಿಗಳಿವೆ. ಮೊದಲನೆಯದು ಕ್ಯಾಸೆಟ್ ಅಡಾಪ್ಟರ್: ಕ್ಯಾಸೆಟ್ ಆಕಾರದ ಪೆಟ್ಟಿಗೆಯೊಳಗಿನ ಪುಟ್ಟ ಕಾಂತೀಯ ತಲೆ, ಯಂತ್ರದ ತಲೆಗೆ ಸಂಕೇತವನ್ನು ದಾಟಿಸುತ್ತದೆ. ಅಗ್ಗವಾದರೂ ಗುಣಮಟ್ಟ ಪರವಾಗಿಲ್ಲ. ಎರಡನೆಯದು ಲೈಟರ್ ರಂಧ್ರಕ್ಕೆ ಸಿಕ್ಕಿಸುವ ಎಫ್‌ಎಂ ಟ್ರಾನ್ಸ್‌ಮಿಟರ್. 87.5ರಿಂದ 108 ಮೆಗಾಹರ್ಟ್ಸ್ ನಡುವೆ ಖಾಲಿಯಿರುವ ಒಂದು ಜಾಗವನ್ನು ಅದಕ್ಕೆ ಆರಿಸಬೇಕು, ಮತ್ತು ಆ ಜಾಗದ ಎರಡೂ ಬದಿಗೆ ಯಾವ ಕೇಂದ್ರವೂ ಇರಬಾರದು. ಹೊಸಪೇಟೆಯ ಸುತ್ತ ಖಾಲಿಯಿದ್ದ ಜಾಗ ರಾಯಚೂರು ಸಮೀಪಿಸಿದಂತೆ ಖಾಲಿ ಇರಬೇಕೆಂದಿಲ್ಲ. ಎರಡೂ ಊರುಗಳಲ್ಲಿ ಆಕಾಶವಾಣಿ ಕೇಂದ್ರಗಳಿವೆ. ಮೂರನೆಯದು ಆಂಟೆನಾ ತಂತಿ ಮತ್ತು ರೇಡಿಯೋ ನಡುವೆ ಕೂರಿಸುವ ತಂತಿಯುಳ್ಳ ಎಫ್‌ಎಂ ಮಾಡ್ಯುಲೇಟರ್. ಇದು ಬಳಕೆಯಲ್ಲಿರುವಾಗ ಹೊರಗಿನ ಆಂಟೆನಾವನ್ನು ಕಡಿತಗೊಳಿಸುವುದರಿಂದ ಬೇರೆ ಕೇಂದ್ರಗಳು ನುಗ್ಗುವುದಿಲ್ಲ. ಯಂತ್ರವನ್ನು ಉಳಿಸಿಕೊಳ್ಳುವವರಿಗೆ ನನ್ನ ಸಲಹೆ ಇದೇ.

ಕ್ಯಾಸೆಟ್‌ಗಳ ಬಗ್ಗೆ ಇನ್ನೊಂದು ಮಾತನ್ನು ಹೇಳಲೇಬೇಕು. ಬಳ್ಳಾರಿ, ಕೊಪ್ಪಳ ಸೀಮೆಯ ಹಳ್ಳಿಗಳಲ್ಲಿ ಮನೆಯವರೇ ಮುದ್ರಿಸಿಕೊಂಡ ಬಯಲಾಟ, ಭಜನೆ ಮತ್ತು ತತ್ವಪದಗಳ ಟೇಪುಗಳಿಗೆ ಬೇರೆಲ್ಲೂ ಎರಡನೆಯ ಪ್ರತಿ ಇರುವುದಿಲ್ಲ. ಬೇಸಿಗೆಯಲ್ಲಿ ಮುಚ್ಚಿದ ಕಾರಿನೊಳಗೆ ಅವು ಬಾಗಿ ಹಾಳಾಗುತ್ತವೆ. ಒಳ್ಳೆಯ ಡೆಕ್ ಒಂದರ ಲೈನ್ ಔಟ್‌ನಿಂದ ಕಂಪ್ಯೂಟರಿನ ಲೈನ್ ಇನ್‌ಗೆ ತಂತಿ ಹಾಕಿ ಮೊದಲು ಅವನ್ನು ಫೈಲ್‌ಗಳಾಗಿ ಉಳಿಸಿಕೊಳ್ಳಿರಿ, ಮೂಲ ಟೇಪನ್ನು ಮನೆಯಲ್ಲಿಡಿರಿ, ಕಾರಿಗೆ ಪ್ರತಿ ಮಾತ್ರ ಒಯ್ಯಿರಿ.

## ಒಂದೇ ಆಕ್ಸ್, ಹಲವು ಸಾಧನ

ಇರೋದು ಒಂದೇ ಆಕ್ಸ್. ವೈ ಕೇಬಲ್ ಹಾಕಿ ಎರಡು ಸಾಧನ ಕೂಡಿಸಿದ್ರ ಏನಾಗ್ತದ?

ಬಾರಿ ಬಾರಿ ಬರುವ ಪ್ರಶ್ನೆ ಇದು, ಅಂಗಡಿಗಳಲ್ಲಿ ತಪ್ಪು ಉತ್ತರ ಸಿಗುವುದೂ ಇದಕ್ಕೇ ಹೆಚ್ಚು. ವೈ ಕೇಬಲ್ ಒಂದು ಮೂಲದ ಧ್ವನಿಯನ್ನು ಎರಡು ಕಡೆಗೆ ಹಂಚಲು ಮಾಡಿದ್ದು. ಅದನ್ನು ತಿರುಗಿಸಿ ಎರಡು ಮೂಲಗಳನ್ನು ಒಂದೇ ಕಡೆಗೆ ಕೂಡಿಸಲು ಬಳಸಿದರೆ ಎರಡು ಔಟ್‌ಪುಟ್‌ಗಳು ನೇರವಾಗಿ ಪರಸ್ಪರ ಎದುರಾಗುತ್ತವೆ. ಸ್ಟೀರಿಯೋದ ಆಕ್ಸ್ ದಾರಿ ಸಾವಿರಾರು ಓಮ್‌ಗಳ ತಡೆಯುಳ್ಳದ್ದು. ಫೋನಿನ ಔಟ್‌ಪುಟ್ ತಡೆಯಾದರೋ ಕೆಲವೇ ಓಮ್‌ಗಳದ್ದು. ವಿದ್ಯುತ್ ಪ್ರವಾಹ ಕಡಿಮೆ ತಡೆಯ ದಾರಿಯನ್ನು ಹಿಡಿಯುವುದರಿಂದ ಮೊದಲ ಫೋನಿನ ಸಂಕೇತದ ದೊಡ್ಡ ಪಾಲು ಎರಡನೆಯ ಫೋನಿನ ಔಟ್‌ಪುಟ್ ಒಳಗೆ ಹರಿದು ಹೋಗುತ್ತದೆ. ಎರಡು ಪಂಪ್‌ಸೆಟ್‌ಗಳನ್ನು ಹಿಮ್ಮುಖ ತಡೆಯ ವಾಲ್ವ್ ಇಲ್ಲದೆ ಒಂದೇ ಪೈಪ್‌ಲೈನಿಗೆ ಕೂಡಿಸಿದಾಗ ಓಡುವ ಪಂಪಿನ ನೀರು ಹೊಲ ಮುಟ್ಟದೆ ನಿಂತ ಪಂಪಿನ ಮೂಲಕ ಬಾವಿಗೆ ಇಳಿಯುವಂತೆ ಇದು ಆಗುತ್ತದೆ.

ಇದರ ಫಲವಾಗಿ ಶಬ್ದ ಕುಗ್ಗುತ್ತದೆ, ಒಡೆಯುತ್ತದೆ, ಮತ್ತು ಎರಡೂ ಸಾಧನಗಳು ಚಾಲೂ ಇದ್ದಾಗ ಅವುಗಳ ಔಟ್‌ಪುಟ್ ಭಾಗದ ಮೇಲೆ ಅನಗತ್ಯ ಹೊರೆ ಬೀಳುತ್ತದೆ. ಒಂದು ದಿನ ನುಡಿಯಿತೆಂದ ಮಾತ್ರಕ್ಕೆ ಅದು ಸರಿಯಾದ ಜೋಡಣೆಯಲ್ಲ. ಈ ಪುಟದಲ್ಲಿ ಒಂದೇ ಸಂಗತಿಯನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿರಿ: ಎರಡು ಔಟ್‌ಪುಟ್‌ಗಳು ಬರಿಯ ತಂತಿಯಲ್ಲಿ ಎಂದೂ ಕೂಡಬಾರದು. ನಡುವೆ ಒಂದು ಸ್ವಿಚ್ ಇರಬೇಕು, ಇಲ್ಲವೇ ರೆಸಿಸ್ಟರ್‌ಗಳೋ (ಪ್ರವಾಹಕ್ಕೆ ತಡೆ ಒಡ್ಡುವ ಬಿಡಿಭಾಗಗಳು) ಮಿಕ್ಸರೋ (ಹಲವು ಧ್ವನಿಗಳನ್ನು ಬೆರೆಸುವ ಪೆಟ್ಟಿಗೆ) ಇರಬೇಕು.

ಹಂಗಾದ್ರ ಸ್ವಿಚ್ ಹೆಂಗ ಕಟ್ಟಬೇಕು? ನಾನೇ ಮಾಡಿಕೊಳ್ತೀನಿ.

ಎರಡು ಮೂಲಗಳಿಗೆ ಆರು ಕಾಲಿನ ಡಿಪಿಡಿಟಿ ಟಾಗಲ್ ಸ್ವಿಚ್ (ಎರಡು ತಂತಿಗಳನ್ನು ಒಟ್ಟಿಗೆ ಈ ಕಡೆಗೋ ಆ ಕಡೆಗೋ ತಿರುಗಿಸುವಂಥದ್ದು) ಒಂದು ಸಾಕು. ನಡುವಿನ ಎರಡು ಕಾಲುಗಳಿಗೆ ಸ್ಟೀರಿಯೋದ ಆಕ್ಸ್‌ಗೆ ಹೋಗುವ ಎಡ ಮತ್ತು ಬಲ ತಂತಿಗಳು, ಒಂದು ತುದಿಯ ಎರಡು ಕಾಲುಗಳಿಗೆ ಮೊದಲ ಸಾಧನದ ಎಡ ಬಲ, ಇನ್ನೊಂದು ತುದಿಗೆ ಎರಡನೆಯ ಸಾಧನದ ಎಡ ಬಲ. ಮೂರೂ ತಂತಿಗಳ ಗ್ರೌಂಡ್ (ಎಡ ಬಲ ಎರಡಕ್ಕೂ ಸಮಾನವಾದ, ಪ್ರವಾಹ ಮರಳುವ ದಾರಿ) ಒಟ್ಟಿಗೆ ಸೇರುತ್ತದೆ. ಮೂರು ಅಥವಾ ನಾಲ್ಕು ಮೂಲಗಳಿಗೆ ತಿರುಗಿಸುವ ರೋಟರಿ ಸ್ವಿಚ್ ಬೇಕು. ಅದರಲ್ಲಿ ಮೂರು ತಂತಿಗಳನ್ನು ಒಟ್ಟಿಗೆ ನಾಲ್ಕು ಕಡೆಗೆ ಬದಲಿಸುವ 3 ಪೋಲ್ 4 ವೇ ಮಾದರಿ ಒಳ್ಳೆಯದು, ಏಕೆಂದರೆ ಮುಂದೆ ಗದ್ದಲದ ತೊಂದರೆ ಬಂದರೆ ಮೂರನೆಯ ಪೋಲ್‌ನಲ್ಲಿ ಗ್ರೌಂಡನ್ನೂ ಬದಲಿಸಿ, ಬಳಸದ ಸಾಧನವನ್ನು ಪೂರ್ತಿ ಬೇರ್ಪಡಿಸಬಹುದು.

ಸ್ವಿಚ್ಚನ್ನು ಲೋಹದ ಪೆಟ್ಟಿಗೆಯಲ್ಲಿ ಕೂರಿಸಿ ಪೆಟ್ಟಿಗೆಯನ್ನು ಆಡಿಯೋ ಗ್ರೌಂಡ್‌ಗೆ ಸೇರಿಸಿರಿ, ಆದರೆ ಪೆಟ್ಟಿಗೆ ವಾಹನದ ದೇಹಕ್ಕೆ ತಾಗದಂತೆ ನೋಡಿಕೊಳ್ಳಿರಿ. ಕವಚವುಳ್ಳ ತಂತಿಯನ್ನೇ ಬಳಸಬೇಕು, ಮತ್ತು ವಿದ್ಯುತ್ ತಂತಿಗಳ ಜೊತೆಗೆ ಅದನ್ನು ಒಂದೇ ಕಟ್ಟಿನಲ್ಲಿ ಎಳೆಯಬಾರದು. ದಾಟಲೇಬೇಕಾದ ಕಡೆ ನೇರ ಅಡ್ಡಲಾಗಿ ದಾಟಿಸಬೇಕು. ಬದಲಿಸುವಾಗ ಟಪ್ ಎಂಬ ಸದ್ದು ಕಾಡಿದರೆ ಪ್ರತಿ ಎಡ ಬಲ ಕಾಲಿನಿಂದ ಗ್ರೌಂಡ್‌ಗೆ 100 ಕಿಲೋಓಮ್ ರೆಸಿಸ್ಟರ್ ಹಾಕಿದರೆ ಕಡಿಮೆಯಾಗುತ್ತದೆ.

ಸ್ವಿಚ್ ಎಲ್ಲಿರಬೇಕು ಎಂಬುದೂ ಚಿಕ್ಕ ಮಾತಲ್ಲ. ಗೇರಿನ ಪಕ್ಕದಲ್ಲಿ, ಕಣ್ಣು ರಸ್ತೆಯ ಮೇಲಿರುವಾಗಲೇ ಕೈಗೆ ಸಿಗುವಂತೆ ಇಡಿರಿ. ಮೋಟಾರು ವಾಹನ ಕಾಯ್ದೆಯ 184ನೇ ಕಲಮು 2019ರ ತಿದ್ದುಪಡಿಯ ನಂತರ ಚಾಲನೆಯ ವೇಳೆ ಕೈಯಲ್ಲಿ ಹಿಡಿಯುವ ಸಂಪರ್ಕ ಸಾಧನದ ಬಳಕೆಯನ್ನು ಅಪಾಯಕರ ಚಾಲನೆಯಲ್ಲಿ ಎಣಿಸುತ್ತದೆ. ಹಾಡು ಬದಲಿಸಲು ಫೋನು ಎತ್ತಿಕೊಳ್ಳಬೇಕಾದ ವ್ಯವಸ್ಥೆಯನ್ನು ಯಾರಿಗೂ ಮಾಡಿಕೊಡಬೇಡಿ.

ಸ್ವಿಚ್ ಬೇಡ, ಹಾಡೂ ಕೇಳಬೇಕು, ದಾರಿ ಹೇಳೋ ಧ್ವನಿನೂ ಅದರ ಜೊತೆಗೇ ಬರಬೇಕು.

ಎರಡೂ ಒಂದೇ ಫೋನಿನಲ್ಲಿದ್ದರೆ ಫೋನೇ ಹಾಡನ್ನು ತಗ್ಗಿಸಿ ದಾರಿಯ ಸೂಚನೆಯನ್ನು ಹೇಳುತ್ತದೆ, ಏನೂ ಮಾಡಬೇಕಿಲ್ಲ. ಎರಡು ಬೇರೆ ಸಾಧನಗಳಾದರೆ ರೆಸಿಸ್ಟರ್ ಮಿಕ್ಸರ್ ಕಟ್ಟಬೇಕು. ಪ್ರತಿ ಸಾಧನದ ಎಡಕ್ಕೆ ಒಂದು, ಬಲಕ್ಕೆ ಒಂದು, ಹೀಗೆ ಒಟ್ಟು ನಾಲ್ಕು 1 ಕಿಲೋಓಮ್ ರೆಸಿಸ್ಟರ್‌ಗಳು. ಎಡದ ಎರಡರ ಇನ್ನೊಂದು ತುದಿ ಕೂಡಿ ಸ್ಟೀರಿಯೋದ ಎಡಕ್ಕೆ, ಬಲದ ಎರಡು ಕೂಡಿ ಬಲಕ್ಕೆ ಹೋಗುತ್ತವೆ. ಗ್ರೌಂಡ್‌ಗಳು ನೇರವಾಗಿ ಸೇರುತ್ತವೆ. ಈಗ ಪ್ರತಿ ಸಾಧನಕ್ಕೂ ಇನ್ನೊಂದು ಸಾಧನ ಕೆಲವು ಓಮ್‌ಗಳ ಬದಲು ಸುಮಾರು ಎರಡು ಸಾವಿರ ಓಮ್‌ಗಳಷ್ಟು ದೂರದಲ್ಲಿದ್ದಂತೆ ತೋರುವುದರಿಂದ ಹಾನಿಯಿಲ್ಲ. ಸ್ಟೀರಿಯೋದ ಒಳತಡೆ 10 ಕಿಲೋಓಮ್ ಎಂದು ಹಿಡಿದರೆ ಪ್ರತಿ ಮೂಲದ ಮಟ್ಟ ಅರ್ಧಕ್ಕಿಂತ ತುಸು ಕೆಳಗಿಳಿಯುತ್ತದೆ. ಆ ನಷ್ಟವನ್ನು ಸ್ಟೀರಿಯೋದ ವಾಲ್ಯೂಮ್ ಸುಲಭವಾಗಿ ತುಂಬುತ್ತದೆ. ಬೆಸುಗೆ ಬಾರದವರು 12 ವೋಲ್ಟ್ ಅಥವಾ ಯುಎಸ್‌ಬಿ ಶಕ್ತಿಯ ಸಣ್ಣ ಮಿಕ್ಸರ್ ಕೊಳ್ಳಬಹುದು. ಅದರಲ್ಲಿ ಪ್ರತಿ ಮೂಲಕ್ಕೂ ಪ್ರತ್ಯೇಕ ಗುಬ್ಬಿ (ಧ್ವನಿ ಏರಿಳಿಸಲು ತಿರುಗಿಸುವ ಗುಂಡಿ) ಇರುವುದು ನಿಜವಾದ ಅನುಕೂಲ.

ರೇಡಿಯೋದಿಂದ ಆಕ್ಸ್‌ಗೆ ಬಂದ್ರ ಶಬ್ದ ಸಣ್ಣಗಾಗ್ತದ, ವಾಪಸ್ ಹೋದ್ರ ಕಿವಿ ಒಡೀತದ.

ಮೂಲಗಳ ಸಂಕೇತ ಮಟ್ಟ ಬೇರೆ ಬೇರೆ ಇರುವುದೇ ಇದಕ್ಕೆ ಕಾರಣ. ಗೃಹ ಬಳಕೆಯ ಲೈನ್ ಮಟ್ಟದ (ಸಾಧನದಿಂದ ಸಾಧನಕ್ಕೆ ಹೋಗುವ ಸಂಕೇತದ ಮಟ್ಟ) ಗುರುತು ಸುಮಾರು 0.3 ವೋಲ್ಟ್, ಸಿಡಿ ಪ್ಲೇಯರ್‌ನಿಂದ 2 ವೋಲ್ಟ್‌ವರೆಗೂ ಬರಬಹುದು. ಮೊದಲು ಫೋನಿನ ವಾಲ್ಯೂಮನ್ನು ಮುಕ್ಕಾಲಿಗಿಂತ ಸ್ವಲ್ಪ ಮೇಲೆ ನಿಲ್ಲಿಸಿ, ಆಮೇಲೆ ಸ್ಟೀರಿಯೋದ ವಾಲ್ಯೂಮ್ ಬಳಸಿರಿ. ಫೋನನ್ನು ಕಡಿಮೆಯಿಟ್ಟು ಸ್ಟೀರಿಯೋವನ್ನು ಏರಿಸಿದರೆ ಗದ್ದಲವೂ ಜೊತೆಗೇ ಏರುತ್ತದೆ. ಅನೇಕ ಯಂತ್ರಗಳ ಸೆಟ್ಟಿಂಗ್ಸ್‌ನಲ್ಲಿ ಪ್ರತಿ ಮೂಲದ ಮಟ್ಟವನ್ನು ಬೇರೆಯಾಗಿ ಹೊಂದಿಸುವ ಸೌಲಭ್ಯವಿದೆ. ಸಾಮಾನ್ಯವಾಗಿ ಎಫ್‌ಎಂ ಮಟ್ಟವನ್ನು ಆಧಾರವಾಗಿಟ್ಟುಕೊಂಡು ಉಳಿದವನ್ನು ಅದಕ್ಕೆ ತರುತ್ತಾರೆ.

ಒಂದೇ ಬದಿ ಕೇಳಿಸ್ತದ, ಇಲ್ಲಾ ಹಾಡಿನೊಳಗ ಹಾಡೋರ ಧ್ವನಿನೇ ಮಾಯ ಆಗ್ತದ.

ಪಿನ್ನಿನ ಮೇಲಿನ ಕಪ್ಪು ಉಂಗುರಗಳನ್ನು ಎಣಿಸಿರಿ. ಎರಡಿದ್ದರೆ ಅದು ಸ್ಟೀರಿಯೋ ಪಿನ್: ತುದಿ ಎಡ, ನಡುವಿನದು ಬಲ, ಬುಡ ಗ್ರೌಂಡ್. ಮೂರಿದ್ದರೆ ಅದು ಮೈಕ್ ಸಹಿತದ ಹೆಡ್‌ಫೋನ್ ಪಿನ್, ಅದರ ಗ್ರೌಂಡ್ ಇರುವ ಜಾಗವೇ ಬೇರೆ. ಗ್ರೌಂಡ್ ಸರಿಯಾಗಿ ತಾಗದಿದ್ದರೆ ಎಡ ಬಲಗಳ ವ್ಯತ್ಯಾಸ ಮಾತ್ರ ಕೇಳಿಸಿ, ಎರಡೂ ಬದಿಯಲ್ಲಿ ಸಮನಾಗಿರುವ ಗಾಯಕರ ಧ್ವನಿ ಅಳಿದುಹೋಗುತ್ತದೆ. ಆಕ್ಸ್‌ಗೆ ಎರಡು ಉಂಗುರದ ತಂತಿಯನ್ನೇ ಬಳಸಿರಿ. ಟೈಪ್ ಸಿ ಕಿಂಡಿ ಮಾತ್ರವಿರುವ ಫೋನುಗಳಲ್ಲಿ ಕೆಲವಕ್ಕೆ ಒಳಗೆ ಪರಿವರ್ತಕವಿರುವ ಅಡಾಪ್ಟರ್ ಬೇಕಾಗುತ್ತದೆ. ಬರಿಯ ತಂತಿಯ ಅಡಾಪ್ಟರ್ ಹಾಕಿದರೆ ಅವು ಮೌನವಾಗಿಯೇ ಇರುತ್ತವೆ.

## ಗದ್ದಲ, ಧೂಳು, ಬಿಸಿಲು

ಚಾರ್ಜರ್ ಹಚ್ಚಿದ ಕೂಡಲೇ ಕುಂಯ್ ಅಂತದ, ಎಕ್ಸಲೇಟರ್ ಒತ್ತಿದಂಗ ಅದೂ ಏರ್ತದ.

ಇಂಜಿನ್ನಿನ ವೇಗದೊಂದಿಗೆ ಏರಿಳಿಯುವ ಸದ್ದು ಆಲ್ಟರ್ನೇಟರ್‌ನದು. ಅದು ಒಳಗೆ ಬರುವ ದಾರಿಗೆ ಗ್ರೌಂಡ್ ಲೂಪ್ ಎಂದು ಹೆಸರು. ಫೋನು ಚಾರ್ಜರ್ ತಂತಿಯ ಮೂಲಕ ವಾಹನದ ಗ್ರೌಂಡ್‌ಗೆ ಒಮ್ಮೆ ಸೇರುತ್ತದೆ, ಆಕ್ಸ್ ತಂತಿಯ ಮೂಲಕ ಸ್ಟೀರಿಯೋದ ಗ್ರೌಂಡ್‌ಗೆ ಇನ್ನೊಮ್ಮೆ ಸೇರುತ್ತದೆ. ವಾಹನದ ದೇಹ ಎಲ್ಲೆಡೆ ಒಂದೇ ಮಟ್ಟದಲ್ಲಿರುವುದಿಲ್ಲ. ಹೆಡ್‌ಲೈಟ್, ಫ್ಯಾನ್, ಏಸಿಗಳ ಪ್ರವಾಹ ಅದರ ಮೇಲೆ ಹರಿಯುವಾಗ ಎರಡು ಗ್ರೌಂಡ್‌ಗಳ ನಡುವೆ ಅತಿ ಸಣ್ಣ ವೋಲ್ಟೇಜ್ ಅಂತರ ಹುಟ್ಟುತ್ತದೆ, ಮತ್ತು ಅದು ಹಾಡಿನ ತಂತಿಯ ಕವಚದ ಮೇಲೆಯೇ ಹರಿದು ಧ್ವನಿಯಾಗಿ ಕೇಳಿಸುತ್ತದೆ. ಮೂಲಗಳು ಹೆಚ್ಚಿದಷ್ಟೂ ಲೂಪ್‌ಗಳು ಹೆಚ್ಚುವುದರಿಂದ, ಹಲವು ಸಾಧನಗಳನ್ನು ಜೋಡಿಸುವವರು ಮೊದಲು ಎದುರಿಸಬೇಕಾದ ಶತ್ರು ಇದು.

ಪತ್ತೆಗೆ ಒಂದು ಕ್ರಮವಿದೆ. ಚಾರ್ಜರ್ ಕಿತ್ತುಹಾಕಿರಿ: ಸದ್ದು ನಿಂತರೆ ಲೂಪ್ ಖಚಿತ. ನಿಲ್ಲದಿದ್ದರೆ ಆಕ್ಸ್ ಪಿನ್ ಕಿತ್ತುಹಾಕಿರಿ: ಈಗ ನಿಂತರೆ ತೊಂದರೆ ಆ ಸಾಧನದಲ್ಲೋ ತಂತಿಯಲ್ಲೋ ಇದೆ. ಆಗಲೂ ನಿಲ್ಲದಿದ್ದರೆ ಸ್ಟೀರಿಯೋದ ಸ್ವಂತ ಗ್ರೌಂಡ್ ತಂತಿ ಸಡಿಲವಾಗಿದೆ ಅಥವಾ ಬಣ್ಣ, ತುಕ್ಕಿನ ಮೇಲೆ ಕೂತಿದೆ. ಆ ಜಾಗವನ್ನು ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ ಬಿಗಿಯಬೇಕು.

ಲೂಪಿಗೆ ಒಳ್ಳೆಯ ಪರಿಹಾರ ಗ್ರೌಂಡ್ ಲೂಪ್ ಐಸೊಲೇಟರ್. ಅದರೊಳಗೆ ಎಡಕ್ಕೊಂದು ಬಲಕ್ಕೊಂದು ಚಿಕ್ಕ ಟ್ರಾನ್ಸ್‌ಫಾರ್ಮರ್ ಇದ್ದು, ಧ್ವನಿ ಕಾಂತಕ್ಷೇತ್ರದ ಮೂಲಕ ದಾಟುತ್ತದೆ, ಗ್ರೌಂಡ್ ದಾಟುವುದಿಲ್ಲ. ಅಗ್ಗದವುಗಳಲ್ಲಿ ತೀರ ಕೆಳಗಿನ ಬೇಸ್ ತುಸು ಕಡಿಮೆಯಾಗುತ್ತದೆ. ಅದನ್ನು ಆಕ್ಸ್ ತಂತಿಯಲ್ಲಿ ಹಾಕಬೇಕೇ ಹೊರತು ಸ್ಪೀಕರ್ ತಂತಿಯಲ್ಲಿ ಅಲ್ಲ. ಇಷ್ಟೆಲ್ಲದರ ಬದಲು ಫೋನನ್ನು ಪವರ್ ಬ್ಯಾಂಕ್‌ನಿಂದ ಚಾರ್ಜ್ ಮಾಡಿದರೂ ಲೂಪ್ ಮುರಿಯುತ್ತದೆ. ಸ್ಟೀರಿಯೋದ ಗ್ರೌಂಡ್ ತಂತಿಯನ್ನೇ ಕಳಚಿ ಸದ್ದು ನಿಲ್ಲಿಸುವವರು ಇದ್ದಾರೆ. ಇದು ಅಪಾಯಕಾರಿ, ಆಗ ಯಂತ್ರದ ಪೂರ್ತಿ ಪ್ರವಾಹ ಆಂಟೆನಾ ಅಥವಾ ಆಕ್ಸ್ ತಂತಿಯ ತೆಳು ಕವಚದ ಮೇಲೆ ಹರಿಯಲು ಹೊರಡುತ್ತದೆ.

ಶಕ್ತಿನಗರ, ಕುಡಿತಿನಿ ಹತ್ರ ಹೋದಾಗ ರೇಡಿಯೋ ಮಾತ್ರ ಗರಗರ ಅಂತದ, ಪೆನ್‌ಡ್ರೈವ್ ಸರಿ ಇರ್ತದ.

ಸ್ಟೀರಿಯೋದಲ್ಲಿ ದೋಷವಿಲ್ಲ. ಆ ಎರಡೂ ಕಡೆಯ ಉಷ್ಣ ವಿದ್ಯುತ್ ಕೇಂದ್ರಗಳಿಂದ ಹೊರಡುವ ಅಧಿಕ ವೋಲ್ಟೇಜ್ ತಂತಿಗಳ ಸುತ್ತಲಿನ ಸಣ್ಣ ವಿಸರ್ಜನೆಗಳು ಮೀಡಿಯಂ ವೇವ್ ಮೇಲೆ ಗದ್ದಲವಾಗಿ ಕೇಳುತ್ತವೆ, ಏಕೆಂದರೆ ಅಲ್ಲಿ ಧ್ವನಿ ಅಲೆಯ ಎತ್ತರದಲ್ಲೇ ಅಡಗಿರುತ್ತದೆ. ಎಫ್‌ಎಂಗೆ ಈ ಬಾಧೆ ಬಹಳ ಕಡಿಮೆ. ತಂತಿಗಳನ್ನು ದಾಟಿದ ಮೇಲೆ ತಾನಾಗಿ ಸರಿಹೋಗುತ್ತದೆ.

ಸಂಡೂರು ಕಡೆ ಓಡಾಡೋ ಗಾಡಿ. ಆಕ್ಸ್ ಪಿನ್ ಅಲುಗಿದ್ರ ಸಾಕು, ಚರಚರ ಅಂತದ.

ಅದಿರಿನ ಕೆಂಪು ಧೂಳು ಅತಿ ನಯವಾದದ್ದು, ರಂಧ್ರದೊಳಗಿನ ಸ್ಪ್ರಿಂಗ್ ಎಲೆಗಳ ಮೇಲೆ ಪದರವಾಗಿ ಕೂರುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಪಿನ್ನನ್ನು ತುಸು ಒದ್ದೆ ಮಾಡಿ, ಸ್ಟೀರಿಯೋ ಆಫ್ ಇರುವಾಗ ಕೆಲವು ಬಾರಿ ಹಾಕಿ ತೆಗೆದು, ಒಣಗಲು ಬಿಡಬೇಕು. ಎಣ್ಣೆ ಅಥವಾ ಗ್ರೀಸ್ ಹಾಕಿದರೆ ಧೂಳು ಇನ್ನಷ್ಟು ಅಂಟುತ್ತದೆ. ಬಳಸದಾಗ ರಬ್ಬರ್ ಮುಚ್ಚಳ ಹಾಕಿಡಿರಿ. ಪದೇ ಪದೇ ಪಿನ್ ಹಾಕಿ ತೆಗೆಯುವ ಬದಲು ಸ್ವಿಚ್ ಪೆಟ್ಟಿಗೆ ಇಟ್ಟುಕೊಂಡರೆ ಸ್ಟೀರಿಯೋದ ರಂಧ್ರ ಸವೆಯುವುದೂ ಧೂಳು ಒಳಹೋಗುವುದೂ ಎರಡೂ ನಿಲ್ಲುತ್ತವೆ. ಗಣಿ ಪ್ರದೇಶದ ವಾಹನಗಳಿಗೆ ನಾನು ಸ್ವಿಚ್ಚನ್ನು ಒತ್ತಾಯಿಸಿ ಹೇಳುವುದು ಈ ಕಾರಣಕ್ಕೂ ಹೌದು. ಬಿಸಿಲಿನ ವಿಷಯದಲ್ಲಿ ಒಂದೇ ನಿಯಮ: ರಾಯಚೂರಿನ ಬೇಸಿಗೆ 40 ಡಿಗ್ರಿ ದಾಟುತ್ತದೆ, ನಿಂತ ಕಾರಿನ ಒಳಗೆ ಅದಕ್ಕಿಂತ ಬಹಳ ಹೆಚ್ಚಿರುತ್ತದೆ, ಆದ್ದರಿಂದ ಬ್ಯಾಟರಿ ಇರುವ ಬ್ಲೂಟೂತ್ ರಿಸೀವರ್, ಪವರ್ ಬ್ಯಾಂಕ್, ಫೋನುಗಳನ್ನು ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟು ಹೋಗಬಾರದು.

## ಲಾರಿ, ಟ್ರ್ಯಾಕ್ಟರ್, ಪ್ರಚಾರದ ವಾಹನ

ನಂದು ಅದಿರು ಲಾರಿ, 24 ವೋಲ್ಟ್. ಎರಡು ಬ್ಯಾಟರಿ ಪೈಕಿ ಒಂದರಿಂದ ಲೈನ್ ಎಳೆದು ಕಾರಿನ ಸ್ಟೀರಿಯೋ ಹಚ್ಚಿದ್ರ ತಪ್ಪೇನು?

ಸ್ಟೀರಿಯೋ ನುಡಿಯುತ್ತದೆ, ಬ್ಯಾಟರಿಗಳು ಸಾಯುತ್ತವೆ. ಎರಡು 12 ವೋಲ್ಟ್ ಬ್ಯಾಟರಿಗಳು ಸರಣಿಯಲ್ಲಿದ್ದು ಆಲ್ಟರ್ನೇಟರ್ ಎರಡನ್ನೂ ಒಟ್ಟಿಗೆ ಸುಮಾರು 28 ವೋಲ್ಟ್‌ನಲ್ಲಿ ಚಾರ್ಜ್ ಮಾಡುತ್ತದೆ. ಒಂದರಿಂದ ಮಾತ್ರ ಹೊರೆ ಎಳೆದರೆ ಅದು ಯಾವಾಗಲೂ ಅರೆ ಖಾಲಿಯಾಗಿಯೇ ಉಳಿಯುತ್ತದೆ, ಇನ್ನೊಂದಕ್ಕೆ ಅತಿ ಚಾರ್ಜ್ ಆಗಿ ನೀರು ಆವಿಯಾಗುತ್ತದೆ. ಕೆಲವು ತಿಂಗಳಲ್ಲಿ ಜೋಡಿಯನ್ನೇ ಬದಲಿಸಬೇಕಾಗುತ್ತದೆ, ಮತ್ತು ಆ ಖರ್ಚು ಒಳ್ಳೆಯ ಕನ್ವರ್ಟರ್‌ನ ಬೆಲೆಗಿಂತ ಬಹಳ ಹೆಚ್ಚು.

ಸರಿಯಾದ ದಾರಿಯೆಂದರೆ 24ರಿಂದ 12 ವೋಲ್ಟ್‌ಗೆ ಇಳಿಸುವ ಡಿಸಿ ಕನ್ವರ್ಟರ್. ಸ್ಟೀರಿಯೋದ ಹಿಂಭಾಗದ ಫ್ಯೂಸ್ 10 ಆಂಪಿಯರ್ ಆಗಿದ್ದರೆ ಕನ್ವರ್ಟರ್ ಕನಿಷ್ಠ 10 ಆಂಪಿಯರ್ ಸತತವಾಗಿ ಕೊಡುವಂಥದ್ದಿರಬೇಕು; ಪೆಟ್ಟಿಗೆಯ ಮೇಲಿನ ಗರಿಷ್ಠ ಅಂಕಿಯನ್ನು ನಂಬದೆ ಸತತ ಅಂಕಿಯನ್ನು ನೋಡಿರಿ. ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಹಾಕಬೇಕು, ಏಕೆಂದರೆ ಕ್ಯಾಬಿನ್‌ವರೆಗಿನ ಉದ್ದ ತಂತಿ ಎಲ್ಲಿ ಉಜ್ಜಿದರೂ ಬೆಂಕಿಯ ಅಪಾಯವಿದೆ. ಕನ್ವರ್ಟರ್‌ಗಳು ಅತಿ ವೇಗದಲ್ಲಿ ಪ್ರವಾಹವನ್ನು ಕಡಿದು ಜೋಡಿಸುವುದರಿಂದ ರೇಡಿಯೋಗೆ ಗದ್ದಲ ತರಬಹುದು. ಆದ್ದರಿಂದ ಅದನ್ನು ಆಂಟೆನಾ ತಂತಿಯಿಂದ ದೂರ, ಗಾಳಿಯಾಡುವ ಕಡೆ ಕೂರಿಸಿರಿ. ಉಳಿದ ಮೂಲಗಳಾದ ಬ್ಲೂಟೂತ್ ರಿಸೀವರ್, ಸಣ್ಣ ಮಿಕ್ಸರ್ ಇವೆಲ್ಲವೂ ಇದೇ ಕನ್ವರ್ಟರ್‌ನ 12 ವೋಲ್ಟ್‌ನಿಂದ ಶಕ್ತಿ ಪಡೆದು, ಸ್ಟೀರಿಯೋದ ಗ್ರೌಂಡ್ ಇರುವಲ್ಲಿಯೇ ಗ್ರೌಂಡ್ ಆದರೆ ಗದ್ದಲ ಬಹಳಷ್ಟು ತಪ್ಪುತ್ತದೆ. ಟ್ರ್ಯಾಕ್ಟರುಗಳು ಸಾಮಾನ್ಯವಾಗಿ 12 ವೋಲ್ಟ್‌ನವೇ, ಅವುಗಳಿಗೆ ಕನ್ವರ್ಟರ್ ಬೇಡ. ನೀರು ಧೂಳು ಹೋಗದ ಪೆಟ್ಟಿಗೆ ಬೇಕು.

ಗವಿಮಠದ ಜಾತ್ರೆಗೆ ಪ್ರಚಾರ ಮಾಡಬೇಕ್ರಿ. ಕಾರಿನ ಆಕ್ಸ್‌ಗೇ ಮೈಕ್ ಹಚ್ಚಿದ್ರ ಮಾತು ಕೇಳ್ಸೋದೇ ಇಲ್ಲ.

ಸಾಮಾನ್ಯ ಡೈನಾಮಿಕ್ ಮೈಕಿನಿಂದ ಬರುವುದು ಕೆಲವೇ ಮಿಲಿವೋಲ್ಟ್. ಆಕ್ಸ್ ನಿರೀಕ್ಷಿಸುವುದು ನೂರಾರು ಮಿಲಿವೋಲ್ಟ್. ನಡುವೆ ಸಣ್ಣ ಸಂಕೇತವನ್ನು ಹಿಗ್ಗಿಸುವ ಪ್ರೀಆಂಪ್ಲಿಫೈಯರ್ ಇರಲೇಬೇಕು. ಆದರೆ ಪ್ರಚಾರಕ್ಕೆ ಈ ದಾರಿಯೇ ತಪ್ಪು. ಕಾರಿನ ಸ್ಟೀರಿಯೋ, ವಾಹನದ ಮೇಲೆ ಕಟ್ಟುವ ಹಾರ್ನ್ ಸ್ಪೀಕರ್‌ಗಳಿಗಾಗಿ ಮಾಡಿದ್ದಲ್ಲ. 12 ವೋಲ್ಟ್‌ನಲ್ಲಿ ನಡೆಯುವ ಧ್ವನಿವರ್ಧಕ ಆಂಪ್ಲಿಫೈಯರ್ ತಂದು ಮೈಕನ್ನು ಅದರ ಮೈಕ್ ರಂಧ್ರಕ್ಕೆ, ಸ್ಟೀರಿಯೋದ ಆರ್‌ಸಿಎ ಹೊರದಾರಿಯನ್ನು ಅದರ ಆಕ್ಸ್‌ಗೆ ಜೋಡಿಸಿರಿ. ಆಗ ಹಾಡು ಮತ್ತು ಮಾತು ಎರಡೂ ಅಲ್ಲಿಯೇ ಬೆರೆಯುತ್ತವೆ, ಪ್ರತಿಯೊಂದಕ್ಕೂ ಬೇರೆ ಗುಬ್ಬಿ ಇರುತ್ತದೆ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಅದನ್ನು ಬಳಸುವಂತಿಲ್ಲ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯ.

## ಯಂತ್ರದ ಹಿಂಭಾಗಕ್ಕೆ ಕೈ ಹಾಕುವವರಿಗೆ

ಹೆಚ್ಚು ಇನ್‌ಪುಟ್ ಇರೋ ಹೊಸ ಸ್ಟೀರಿಯೋ ತಂದೀನಿ. ಯಾವ ವೈರು ಯಾವುದಕ್ಕ?

ಹೊರಗೆ ಕೊಳ್ಳುವ ಯಂತ್ರಗಳಲ್ಲಿ ಹಳದಿ ಸದಾ ಇರುವ 12 ವೋಲ್ಟ್, ಕೆಂಪು ಕೀಲಿ ತಿರುಗಿಸಿದಾಗ ಬರುವ 12 ವೋಲ್ಟ್, ಕಪ್ಪು ಗ್ರೌಂಡ್. ಬಿಳಿ ಮುಂದಿನ ಎಡ, ಬೂದು ಮುಂದಿನ ಬಲ, ಹಸಿರು ಹಿಂದಿನ ಎಡ, ನೇರಳೆ ಹಿಂದಿನ ಬಲ. ಕಪ್ಪು ಗೆರೆಯಿರುವುದು ಆಯಾ ಸ್ಪೀಕರ್‌ನ ಋಣ ತಂತಿ. ಕಾರಿನ ಸ್ವಂತ ತಂತಿಗಳ ಬಣ್ಣ ಹೀಗೇ ಇರಬೇಕೆಂದಿಲ್ಲ, ಮೀಟರ್ ಹಿಡಿದು ನೋಡಿಯೇ ಜೋಡಿಸಬೇಕು. ಕೆಲವು ಯುರೋಪಿಯನ್ ಕಾರುಗಳಲ್ಲಿ ಹಳದಿ ಮತ್ತು ಕೆಂಪಿನ ಜಾಗ ಅದಲುಬದಲಾಗಿರುತ್ತದೆ. ಕೀಲಿ ತೆಗೆದಾಗಲೆಲ್ಲ ಗಡಿಯಾರ ಮತ್ತು ಕೇಂದ್ರಗಳು ಅಳಿಸಿಹೋಗುತ್ತಿದ್ದರೆ ಇದನ್ನೇ ಮೊದಲು ನೋಡಿರಿ.

ಸ್ಪೀಕರ್‌ನ ಋಣ ತಂತಿಯನ್ನು ವಾಹನದ ದೇಹಕ್ಕೆ ಮುಟ್ಟಿಸಬಾರದು. ಇಂದಿನ ಯಂತ್ರಗಳಲ್ಲಿ ಎರಡೂ ತಂತಿಗಳ ಮೇಲೆ ಸುಮಾರು 6, 7 ವೋಲ್ಟ್ ಇರುತ್ತದೆ, ಋಣ ತಂತಿ ಗ್ರೌಂಡ್ ಅಲ್ಲ. ಹಳೆಯ ಜೀಪುಗಳಲ್ಲಿ ಸ್ಪೀಕರ್‌ಗೆ ಒಂದೇ ತಂತಿ ಎಳೆದು ಇನ್ನೊಂದು ತುದಿಯನ್ನು ದೇಹಕ್ಕೆ ಕೊಟ್ಟಿರುತ್ತಾರೆ. ಅಂಥ ಕಡೆ ಪ್ರತಿ ಸ್ಪೀಕರ್‌ಗೂ ಹೊಸದಾಗಿ ಎರಡು ತಂತಿ ಎಳೆಯಲೇಬೇಕು. ಕೆಲಸಕ್ಕೆ ಮೊದಲು ಬ್ಯಾಟರಿಯ ಋಣ ತುದಿ ಕಳಚಿರಿ, ಆದರೆ ಅದಕ್ಕೂ ಮೊದಲು ಕಾರಿನ ಮೂಲ ಯಂತ್ರಕ್ಕೆ ಕಳ್ಳತನ ತಡೆಯ ಕೋಡ್ ಇದ್ದರೆ ಅದು ಕೈಯಲ್ಲಿದೆಯೇ ಎಂದು ನೋಡಿಕೊಳ್ಳಿರಿ. ಹಳದಿ ಹೊದಿಕೆಯ ಏರ್‌ಬ್ಯಾಗ್ ಕನೆಕ್ಟರ್‌ಗಳನ್ನು ಮುಟ್ಟಲೇಬೇಡಿ.

ಹಳೇ ಸ್ಟೀರಿಯೋ ಹಿಂದೆ ಸಿಡಿ ಚೇಂಜರ್ ಕಿಂಡಿ ಐತೆ. ಅದನ್ನೇ ಆಕ್ಸ್ ಮಾಡಬಹುದಾ?

ಹಲವು ಸಿಡಿಗಳನ್ನು ಬದಲಿಸಿ ನುಡಿಸುವ ಪೆಟ್ಟಿಗೆಗೆಂದು (ಚೇಂಜರ್) ಬಿಟ್ಟ ಕಿಂಡಿ ಅದು. ಬಹುಮಟ್ಟಿಗೆ ಮಾಡಬಹುದು, ಆದರೆ ಬರಿಯ ತಂತಿಯಿಂದ ಆಗುವುದಿಲ್ಲ. ಸೋನಿಯ ಯೂನಿಲಿಂಕ್, ಪಯೋನಿಯರ್‌ನ ಐಪಿ ಬಸ್, ಆಲ್ಪೈನ್‌ನ ಎಐ ನೆಟ್ ಹೀಗೆ ಪ್ರತಿ ತಯಾರಕರ ಭಾಷೆ ಬೇರೆ. ಚೇಂಜರ್ ಅಲ್ಲಿದೆ ಎಂಬ ಉತ್ತರ ಬಾರದೆ ಯಂತ್ರ ಆ ದಾರಿಯನ್ನು ತೆರೆಯದಿರಬಹುದು. ಆ ಮಾದರಿಗೆಂದೇ ಮಾಡಿದ ಆಕ್ಸ್ ಅಡಾಪ್ಟರ್ ಆ ಉತ್ತರವನ್ನು ಕೊಟ್ಟು ಆರ್‌ಸಿಎ ಜೋಡಿಯೊಂದನ್ನು ಹೊರತರುತ್ತದೆ. ಮುಂಭಾಗದಲ್ಲೂ ಆಕ್ಸ್ ಇದ್ದರೆ ಹೀಗೆ ಎರಡನೆಯ ಆಕ್ಸ್ ಸಿಕ್ಕಂತಾಗುತ್ತದೆ.

ಕಂಪನಿ ಸ್ಟೀರಿಯೋ ತೆಗೆಯೋ ಹಂಗಿಲ್ಲ, ಏಸಿ, ಸ್ಟೀರಿಂಗ್ ಬಟನ್ ಎಲ್ಲಾ ಅದರಾಗೇ ಅದಾವು. ಮತ್ತೆ ಹೆಂಗ?

ಅದನ್ನು ಅಲ್ಲೇ ಬಿಟ್ಟು ಅದರ ಮುಂದೆ ಡಿಎಸ್‌ಪಿ (ಧ್ವನಿಯನ್ನು ಅಂಕಿಗಳ ರೂಪದಲ್ಲಿ ಹೊಂದಿಸುವ ಪೆಟ್ಟಿಗೆ) ಅಥವಾ ಹಲವು ಇನ್‌ಪುಟ್‌ಗಳ ಆಂಪ್ಲಿಫೈಯರ್ ಇಡಬೇಕು. ಕಂಪನಿ ಯಂತ್ರದ ಸ್ಪೀಕರ್ ತಂತಿಗಳು ಡಿಎಸ್‌ಪಿಯ ಅಧಿಕ ಮಟ್ಟದ ಇನ್‌ಪುಟ್‌ಗೆ ಹೋಗುತ್ತವೆ, ಹೊಸ ಮೂಲಗಳು ಅದರ ಆರ್‌ಸಿಎ ಅಥವಾ ಬ್ಲೂಟೂತ್‌ಗೆ ಸೇರುತ್ತವೆ, ಅಲ್ಲಿಂದ ಆಂಪ್ಲಿಫೈಯರ್ ಮೂಲಕ ಸ್ಪೀಕರ್‌ಗಳಿಗೆ. ಅಧಿಕ ಮಟ್ಟದ ಇನ್‌ಪುಟ್ ಇಲ್ಲದಿದ್ದರೆ ನಡುವೆ ಸ್ಪೀಕರ್ ಮಟ್ಟವನ್ನು ಲೈನ್ ಮಟ್ಟಕ್ಕೆ ಇಳಿಸುವ ಲೈನ್ ಔಟ್‌ಪುಟ್ ಕನ್ವರ್ಟರ್ ಹಾಕಬೇಕು. ಹಿಂದಕ್ಕೆ ಸರಿಯುವಾಗಿನ ಬೀಪ್, ಸೀಟ್ ಬೆಲ್ಟ್ ಎಚ್ಚರಿಕೆಗಳು ಕೆಲವು ಕಾರುಗಳಲ್ಲಿ ಇದೇ ಸ್ಪೀಕರ್‌ಗಳಿಂದಲೇ ಬರುತ್ತವೆ. ಆದ್ದರಿಂದ ಬೇರೆ ಮೂಲ ನುಡಿಯುತ್ತಿರುವಾಗಲೂ ಕಂಪನಿ ಯಂತ್ರದ ಧ್ವನಿ ಬೆರೆತು ಬರುವಂತೆ ಡಿಎಸ್‌ಪಿಯಲ್ಲಿ ಹೊಂದಿಸಲೇಬೇಕು. ಮೂಲ ತಂತಿಗಳನ್ನು ಕತ್ತರಿಸದೆ ಆ ಕಾರಿನ ಕನೆಕ್ಟರ್‌ಗೆ ಹೊಂದುವ ಹಾರ್ನೆಸ್ (ಸಿದ್ಧ ತಂತಿಗಳ ಕಟ್ಟು) ಬಳಸಿರಿ. ವಾರಂಟಿಯ ವಿವಾದ ಬಂದರೆ ಎಲ್ಲವನ್ನೂ ಮೊದಲಿನಂತೆ ಮಾಡಿ ತೋರಿಸಬಹುದು.

ವೈರ್‌ಲೆಸ್ ಸೆಟ್ಟಿನಲ್ಲಿ ಮಾತು ಬಂದ ಕೂಡಲೇ ಹಾಡು ತಾನಾಗೇ ನಿಲ್ಲಬೇಕು. ಆಗ್ತದೇನು?

ಆಗುತ್ತದೆ. ಮೊದಲು ಸ್ಟೀರಿಯೋದಲ್ಲಿ ಮ್ಯೂಟ್ ತಂತಿ ಇದೆಯೇ ನೋಡಿರಿ. ಇದ್ದರೆ, ಎಷ್ಟೋ ಮಾದರಿಗಳಲ್ಲಿ ಅದನ್ನು ಗ್ರೌಂಡ್‌ಗೆ ಮುಟ್ಟಿಸಿದಾಗ ಹಾಡು ತಗ್ಗುತ್ತದೆ, ಮಾತು ಸೆಟ್ಟಿನ ಸ್ವಂತ ಸ್ಪೀಕರ್‌ನಿಂದ ಬರಲಿ. ಮಾತು ಕೂಡ ಕಾರಿನ ಸ್ಪೀಕರ್‌ನಿಂದಲೇ ಬರಬೇಕಾದರೆ 12 ವೋಲ್ಟ್‌ನ ಡಿಪಿಡಿಟಿ ಸಿಗ್ನಲ್ ರಿಲೇ (ವಿದ್ಯುತ್ ಕೊಟ್ಟಾಗ ತಾನಾಗಿ ತಿರುಗುವ ಸ್ವಿಚ್) ಬೇಕು. ರಿಲೇ ಬಿಡುವಾಗಿರುವಾಗ ಹಾಡಿನ ಸಾಧನ ಆಕ್ಸ್‌ಗೆ ಸೇರಿರುತ್ತದೆ, ವೈರ್‌ಲೆಸ್ ಸೆಟ್ ಮಾತು ಸ್ವೀಕರಿಸುವಾಗ ಕೊಡುವ ಸೂಚನಾ ವೋಲ್ಟೇಜ್ ರಿಲೇಯನ್ನು ಎಳೆದು ಆಕ್ಸ್‌ಅನ್ನು ತನ್ನ ಕಡೆಗೆ ತಿರುಗಿಸುತ್ತದೆ. ಆ ಸೂಚನೆ ದುರ್ಬಲವಾಗಿದ್ದರೆ ನಡುವೆ ಒಂದು ಟ್ರಾನ್ಸಿಸ್ಟರ್ ಇರಲಿ. ರಿಲೇಯೊಳಗಿನ ತಂತಿ ಸುರುಳಿ, ಅಂದರೆ ಕಾಯಿಲ್, ಆಫ್ ಆಗುವಾಗ ಹುಟ್ಟುವ ಹಿಮ್ಮುಖ ವೋಲ್ಟೇಜನ್ನು ನುಂಗಲು ಅದರ ಎರಡೂ ತುದಿಗೆ ಡಯೋಡ್ ಒಂದನ್ನು ಹಾಕಬೇಕು, ಅದರ ಗೆರೆಯಿರುವ ತುದಿ ಧನದ ಕಡೆಗಿರಬೇಕು. ಹೆಡ್‌ಲೈಟ್‌ಗೆ ಬಳಸುವ ದೊಡ್ಡ ರಿಲೇ ಇಲ್ಲಿ ಸಲ್ಲದು: ಅದರ ಸಂಪರ್ಕಗಳು ದೊಡ್ಡ ಪ್ರವಾಹಕ್ಕೆಂದು ಮಾಡಿದವು, ಮಿಲಿವೋಲ್ಟ್‌ಗಳಲ್ಲಿರುವ ಧ್ವನಿ ಅವುಗಳ ಮೇಲಿನ ಸಣ್ಣ ಮಾಸಲನ್ನೂ ದಾಟಲಾರದೆ ತುಂಡು ತುಂಡಾಗುತ್ತದೆ. ಅಂಗಡಿಯಲ್ಲಿ ಸಿಗ್ನಲ್ ರಿಲೇ ಎಂದೇ ಕೇಳಿ ಪಡೆಯಿರಿ.